ಖಾಲಿ ಎಂದು ಬರೆದಿದ್ದ ಗುಣಿ: ಸ್ಮಶಾನದ ರಿಸೀವರ್ ಮೇಲೆ ಬಂದ ನಿರ್ಲಕ್ಷ್ಯದ ದಾವೆ

ಈ ಪ್ರಕರಣವನ್ನು ಚರ್ಚೆಗಾಗಿ ನಾನೇ ಕಟ್ಟಿಕೊಂಡಿದ್ದೇನೆ. ಇದರಲ್ಲಿ ಬರುವ ಸ್ಮಶಾನಕ್ಕೆ ಊರಿಲ್ಲ, ವ್ಯಕ್ತಿಗಳಿಗೆ ಹೆಸರಿಲ್ಲ. ಆದರೆ ಉಲ್ಲೇಖಿಸಿರುವ ಕಾನೂನು ಮತ್ತು ತೀರ್ಪುಗಳು ನಿಜವಾದವು. ದಾವೆಯಲ್ಲಿರುವ ಆಸ್ತಿಯನ್ನು ಕಾಯಲು ನ್ಯಾಯಾಲಯ ನೇಮಿಸುವ ರಿಸೀವರ್ ಎಂಬ ಹುದ್ದೆ ಇಂಗ್ಲೆಂಡಿನ ಚಾನ್ಸರಿ ಎಂಬ ಹಳೆಯ ನ್ಯಾಯಾಲಯದಲ್ಲಿ ಬೆಳೆದು, ಆ ನ್ಯಾಯಪದ್ಧತಿ ಹಬ್ಬಿದ ದೇಶಗಳಿಗೆಲ್ಲ ಹೋಯಿತು. ಹಾಗಾಗಿ ಅದರ ಸುತ್ತ ಏಳುವ ಪ್ರಶ್ನೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಉತ್ತರಗಳು ಒಂದೊಂದು ಕಡೆ ಒಂದೊಂದು ರೀತಿ. ಭಾರತ, ಇಂಗ್ಲೆಂಡ್, ಅಮೆರಿಕ ಈ ಮೂರೂ ಕಡೆಯ ಆಧಾರಗಳನ್ನು ಬೇಕಾದಲ್ಲಿ ಬಳಸಿಕೊಂಡಿದ್ದೇನೆ.

ನಡೆದದ್ದು

ಸಂಸ್ಥೆಯೊಂದು ಹಲವು ದಶಕಗಳಿಂದ ನಡೆಸುತ್ತಿದ್ದ ಖಾಸಗಿ ಸ್ಮಶಾನ ಅದು. ಸಮಾಧಿ ಜಾಗಗಳನ್ನು ಮುಂಗಡವಾಗಿ ಮಾರುವುದು, ಮಾರಿದ ಪ್ರತಿ ಜಾಗದ ಹಣದಲ್ಲಿ ಒಂದು ಪಾಲನ್ನು ಶಾಶ್ವತ ನಿರ್ವಹಣೆಯ ನಿಧಿಗೆ ಸೇರಿಸುವುದು, ಆ ನಿಧಿಯ ಬಡ್ಡಿಯಲ್ಲಿ ಹುಲ್ಲು ಕತ್ತರಿಸಿ ಕಲ್ಲು ನೆಟ್ಟಗಿರಿಸುವುದು ಸಂಸ್ಥೆಯ ಪದ್ಧತಿಯಾಗಿತ್ತು. ಆಡಳಿತ ಮಂಡಳಿಯಲ್ಲಿ ಎರಡು ಬಣಗಳಾದವು, ನಿಧಿಯಿಂದ ಹಣ ಹೊರಗೆ ಹೋಯಿತೆಂಬ ಆರೋಪ ಬಂತು, ಲೆಕ್ಕ ಕೇಳುವ ದಾವೆ ಹೂಡಲಾಯಿತು. ತೀರ್ಪು ಬರುವವರೆಗೆ ಆಸ್ತಿ ಹಾಳಾಗಬಾರದೆಂದು ನ್ಯಾಯಾಲಯವು ವೃತ್ತಿಯಿಂದ ಲೆಕ್ಕಪರಿಶೋಧಕರಾದ ಒಬ್ಬರನ್ನು ರಿಸೀವರ್ ಆಗಿ ನೇಮಿಸಿತು. ನೇಮಕದ ಆದೇಶ ಚಿಕ್ಕದು: ಸ್ಮಶಾನವನ್ನು ವಶಕ್ಕೆ ತೆಗೆದುಕೊಂಡು ಕಾಪಾಡಬೇಕು, ಈಗಾಗಲೇ ಜಾಗ ಕೊಂಡವರ ಅಂತ್ಯಕ್ರಿಯೆಗಳನ್ನು ನಿಲ್ಲಿಸದೆ ನಡೆಸಿಕೊಡಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ಹೊಸ ಜಾಗ ಮಾರಬಾರದು, ಮೂರು ತಿಂಗಳಿಗೊಮ್ಮೆ ವರದಿ ಮತ್ತು ಲೆಕ್ಕ ಒಪ್ಪಿಸಬೇಕು.

ಅಧಿಕಾರ ವಹಿಸಿಕೊಂಡ ದಿನ ರಿಸೀವರ್ ಕೈಗೆ ಮೂರು ಬಗೆಯ ದಾಖಲೆಗಳು ಬಂದವು. ಒಂದು, ಹೂಳಿದವರ ಹೆಸರುಗಳನ್ನು ತಾರೀಖಿನ ಪ್ರಕಾರ ಬರೆದಿದ್ದ, ಬೆನ್ನು ಬಿಟ್ಟುಹೋಗಿದ್ದ ದಪ್ಪ ರಿಜಿಸ್ಟರ್. ಇನ್ನೊಂದು, ಬಟ್ಟೆಗೆ ಅಂಟಿಸಿದ ದೊಡ್ಡ ನಕ್ಷೆ; ಅದರಲ್ಲಿ ತುಂಬಿದ ಜಾಗಕ್ಕೆ ಬಣ್ಣದ ಪೆನ್ಸಿಲ್ಲಿನ ಗೆರೆ, ಖಾಲಿ ಜಾಗಕ್ಕೆ ಬರಿಯ ಚೌಕ. ಮೂರನೆಯದು, ಜಾಗ ಕೊಂಡವರ ರಸೀದಿಗಳ ಪೆಟ್ಟಿಗೆಗಳು. ಯಾರನ್ನು ಯಾವಾಗ ಹೂಳಿದರು ಎಂಬುದನ್ನು ರಿಜಿಸ್ಟರ್ ಹೇಳುತ್ತದೆ, ಎಲ್ಲಿ ಎಂಬುದನ್ನು ನಕ್ಷೆ, ಹಕ್ಕು ಯಾರದ್ದು ಎಂಬುದನ್ನು ರಸೀದಿ. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಸ್ಮಶಾನದಲ್ಲಿ ಧೈರ್ಯವಾಗಿ ಗುದ್ದಲಿ ಹಾಕಬಹುದು. ರಿಸೀವರ್‌ನ ಗುಮಾಸ್ತ ಮೊದಲ ವಾರದಲ್ಲೇ ನಲವತ್ತು ಜಾಗಗಳ ಒಂದು ಸಾಲನ್ನು ತಾಳೆ ನೋಡಿದ. ಒಂಬತ್ತು ಕಡೆ ತಾಳೆಯಾಗಲಿಲ್ಲ.

ಮೂರನೆಯ ತಿಂಗಳ ಕೊನೆಗೆ ರಿಸೀವರ್ ಒಪ್ಪಿಸಿದ ಮೊದಲ ವರದಿಯಲ್ಲಿ ಹದಿನಾಲ್ಕು ಪುಟಗಳಿದ್ದವು. ಹನ್ನೊಂದು ಪುಟ ಹಣದ ವಿಚಾರ. ಹನ್ನೆರಡನೆಯ ಪುಟದಲ್ಲಿ ಒಂದು ವಾಕ್ಯ: ರಿಜಿಸ್ಟರಿಗೂ ನಕ್ಷೆಗೂ ಕೆಲವೆಡೆ ಹೊಂದಾಣಿಕೆ ಇರುವುದಿಲ್ಲ. ಆ ವಾಕ್ಯದ ಕೆಳಗೆ ಯಾವ ಕೋರಿಕೆಯೂ ಇರಲಿಲ್ಲ. ಸ್ಮಶಾನವನ್ನು ಅಳತೆ ಮಾಡಿ, ನೆಲದೊಳಗೆ ಹಾಯುವ ರೇಡಾರ್‌ನಿಂದ ಸಾಲು ಸಾಲಾಗಿ ಪರೀಕ್ಷಿಸಲು ಒಬ್ಬ ಸರ್ವೇಯರ್ ಕೊಟ್ಟಿದ್ದ ದರಪಟ್ಟಿ ಕಡತದಲ್ಲಿ ಉಳಿಯಿತು. ಕೈಯಲ್ಲಿದ್ದ ಹಣ ಬಾಕಿ ಸಂಬಳಕ್ಕೆ, ಬಿದ್ದ ಕಾಂಪೌಂಡ್ ಗೋಡೆಗೆ, ಹೊಸ ಗೇಟಿಗೆ ಹೋಯಿತು.

ಎಂಟನೆಯ ತಿಂಗಳಲ್ಲಿ ಒಬ್ಬ ಮಗ ತನ್ನ ತಾಯಿಯ ಅಂತ್ಯಕ್ರಿಯೆಗೆ ಬಂದ. ತಂದೆ ಬದುಕಿದ್ದಾಗ ಅಕ್ಕಪಕ್ಕದ ಎರಡು ಜಾಗ ಕೊಂಡಿದ್ದರು; ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅವರನ್ನು ಅದರಲ್ಲೊಂದರಲ್ಲಿ ಹೂಳಲಾಗಿತ್ತು. ನಕ್ಷೆಯ ಪ್ರಕಾರ ಅವರು ಪಶ್ಚಿಮದ ಜಾಗದಲ್ಲಿದ್ದರು, ಪೂರ್ವದ ಜಾಗ ಖಾಲಿ. ರಿಜಿಸ್ಟರಿನ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ‘ಪೂರ್ವ’ ಎಂದು ಬರೆದಿತ್ತು. ಸಮಾಧಿ ಕಲ್ಲು ಎರಡು ಜಾಗಗಳ ನಡುವೆ ನಿಂತಿದ್ದರಿಂದ ಅದು ಯಾವ ಕಡೆಗೂ ಸಾಕ್ಷಿಯಾಗುತ್ತಿರಲಿಲ್ಲ. ಮೇಸ್ತ್ರಿ ಗೋಡೆಗೆ ತೂಗುಹಾಕಿದ್ದ ನಕ್ಷೆ ನೋಡಿ ಪೂರ್ವದ ಜಾಗದಲ್ಲಿ ಗುಣಿ ತೋಡಿಸಿದ. ನಾಲ್ಕು ಅಡಿ ಕೆಳಗೆ ಮೆತ್ತಗಾದ ಹಲಗೆ ಸಿಕ್ಕಿತು, ಆಮೇಲೆ ಮೂಳೆ. ಅವನು ರಿಸೀವರ್ ಕಚೇರಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಶವದ ವಾಹನ ಆಗಲೇ ಗೇಟಿನ ಹತ್ತಿರ ಬಂದಿತ್ತು. ಸಿಕ್ಕಿದ್ದನ್ನು ಒಂದು ಚೀಲದಲ್ಲಿ ಹಾಕಿಸಿ, ಗುಣಿಯ ಅಡಿಯಲ್ಲೇ ಇಡಿಸಿ, ಮೇಲೆ ಒಂದು ಪದರ ಮಣ್ಣು ಎಳೆಸಿ ಕೆಲಸ ಮುಗಿಸಿದ.

ಅಂತ್ಯಕ್ರಿಯೆ ಮುಗಿದು ಜನ ಚದುರುತ್ತಿರುವಾಗ ಮಗನಿಗೆ ಮಣ್ಣಿನ ಗುಡ್ಡೆಯಲ್ಲಿ ಶವಪೆಟ್ಟಿಗೆಯ ಹಿತ್ತಾಳೆ ಹಿಡಿ ಕಂಡಿತು. ಅದರಲ್ಲಿ ಒಂದು ಮೊಳೆ ಇನ್ನೂ ಸಿಕ್ಕಿಕೊಂಡಿತ್ತು. ತಂದೆಯ ಪೆಟ್ಟಿಗೆಗೆ ತಾನೇ ಆರಿಸಿದ್ದ ಹಿಡಿ ಅದು. ಅವನು ಮೇಸ್ತ್ರಿಯನ್ನು ಕೇಳಿದಾಗ ಬಂದ ಉತ್ತರ, “ನಕ್ಷೆಯಲ್ಲಿ ಖಾಲಿ ಇತ್ತು ಸ್ವಾಮಿ.” ಮುಂದೆ ಈ ವಾಕ್ಯವೇ ಪ್ರತಿವಾದಿಯ ಲಿಖಿತ ಹೇಳಿಕೆಯ ಸಾರವೂ ಆಯಿತು.

ಇದೇ ಅವಧಿಯಲ್ಲಿ ಇನ್ನೊಂದು ಅವಘಡವೂ ನಡೆದಿತ್ತು. ವಾಲಿದ್ದ ಹಳೆಯ ಸಮಾಧಿ ಕಲ್ಲೊಂದು ಬಿದ್ದು ಸ್ಮಶಾನ ನೋಡಲು ಬಂದಿದ್ದ ಮಹಿಳೆಯೊಬ್ಬರ ಪಾದದ ಮೂಳೆ ಮುರಿಯಿತು. ಅದರ ವಿಚಾರ ಆಮೇಲೆ ಹೇಳುತ್ತೇನೆ. ಕಾನೂನಿನ ದೃಷ್ಟಿಯಿಂದ ಅದು ಸುಲಭದ ಪ್ರಕರಣ.

ದಾವೆಯ ಬಾಗಿಲು

ಮಗನ ವಕೀಲರ ಮುಂದೆ ಮೊದಲು ನಿಂತದ್ದು ನಿರ್ಲಕ್ಷ್ಯದ ಪ್ರಶ್ನೆಯಲ್ಲ. ರಿಸೀವರ್‌ನನ್ನು ದಾವೆಗೆ ಎಳೆಯಬಹುದೇ, ಎಳೆಯುವುದಾದರೆ ಯಾರ ಅಪ್ಪಣೆ ಬೇಕು ಎಂಬುದು ಮೊದಲ ಪ್ರಶ್ನೆ. ರಿಸೀವರ್ ವಶದಲ್ಲಿರುವ ಆಸ್ತಿ ನ್ಯಾಯಾಲಯದ ವಶದಲ್ಲಿರುವ ಆಸ್ತಿ; ಅವನು ಎರಡು ಬಣಗಳಲ್ಲಿ ಯಾವುದರ ಏಜೆಂಟನೂ ಅಲ್ಲ, ನ್ಯಾಯಾಲಯದ ಅಧಿಕಾರಿ. ಆದ್ದರಿಂದ ಅವನ ಮೇಲೆ ಹೂಡುವ ದಾವೆ ಒಂದರ್ಥದಲ್ಲಿ ನ್ಯಾಯಾಲಯದ ಕೈಯಲ್ಲಿರುವುದಕ್ಕೆ ಕೈ ಹಾಕಿದಂತೆ ಎಂಬುದು ಹಳೆಯ ತರ್ಕ.

ಅಮೆರಿಕದ ಸುಪ್ರೀಂ ಕೋರ್ಟ್ 1881ರಲ್ಲಿ ಬಾರ್ಟನ್ ವಿರುದ್ಧ ಬಾರ್ಬರ್ ಪ್ರಕರಣದಲ್ಲಿ ಈ ತರ್ಕವನ್ನು ಗಟ್ಟಿಯಾಗಿ ಹಿಡಿಯಿತು. ರಿಸೀವರ್ ನಡೆಸುತ್ತಿದ್ದ ರೈಲಿನಲ್ಲಿ ಗಾಯಗೊಂಡ ಪ್ರಯಾಣಿಕಳೊಬ್ಬಳು, ನೇಮಿಸಿದ ನ್ಯಾಯಾಲಯದ ಅನುಮತಿ ಪಡೆಯದೆ ಬೇರೆ ನ್ಯಾಯಾಲಯದಲ್ಲಿ ಹೂಡಿದ ದಾವೆ ನಿಲ್ಲುವುದಿಲ್ಲ ಎಂದು ತೀರ್ಪಾಯಿತು. ನ್ಯಾಯಮೂರ್ತಿ ಮಿಲ್ಲರ್ ಭಿನ್ನಮತ ಬರೆದರು. 1887ರಲ್ಲಿ ಅಲ್ಲಿನ ಸಂಸತ್ತು ಫೆಡರಲ್ ನ್ಯಾಯಾಲಯಗಳು ನೇಮಿಸಿದ ರಿಸೀವರ್‌ಗಳ ಮಟ್ಟಿಗೆ ಈ ಬಿಗಿಯನ್ನು ಸಡಿಲಿಸಿತು: ಆಸ್ತಿಗೆ ಸಂಬಂಧಿಸಿದ ವ್ಯವಹಾರ ನಡೆಸುವಾಗ ಮಾಡಿದ ಕೆಲಸಕ್ಕೆ ಅನುಮತಿಯಿಲ್ಲದೆಯೂ ದಾವೆ ಹೂಡಬಹುದು. ಸ್ಮಶಾನದಲ್ಲಿ ಗುಣಿ ತೋಡಿ ಶವ ಹೂಳುವುದು ಆ ಸಂಸ್ಥೆಯ ವ್ಯವಹಾರವೇ. ಆಸ್ತಿ ಒಟ್ಟುಮಾಡಿ ಹಂಚುವ ಕೆಲಸ ಮಾತ್ರ ವಹಿಸಿದ್ದ ರಿಸೀವರ್ ಆಗಿದ್ದರೆ ಮಾತು ಬೇರೆ ಇರುತ್ತಿತ್ತು.

ಭಾರತದಲ್ಲಿ 1977ರ ಎವರೆಸ್ಟ್ ಕೋಲ್ ಕಂಪನಿ ವಿರುದ್ಧ ಬಿಹಾರ ರಾಜ್ಯ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೂ ವ್ಯಾವಹಾರಿಕವಾದ ದಾರಿ ತೋರಿಸಿದ್ದಾರೆ. ಅನುಮತಿ ಬೇಕು ನಿಜ, ಆದರೆ ದಾವೆ ಹೂಡಿದ ಮೇಲೆ, ಅದು ನಡೆಯುತ್ತಿರುವಾಗ ಪಡೆದರೂ ದೋಷ ಕಳೆಯುತ್ತದೆ. ಇದರ ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂನ ನೋಟಿಸನ್ನು ಮರೆಯುವಂತಿಲ್ಲ. ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುವ ನ್ಯಾಯಾಲಯದ ಅಧಿಕಾರಿ ಅದೇ ಸಂಹಿತೆಯ 2(17)ನೇ ಕಲಂನ ಪ್ರಕಾರ ಸಾರ್ವಜನಿಕ ಅಧಿಕಾರಿ. ಹುದ್ದೆಯ ನೆಲೆಯಲ್ಲಿ ಮಾಡಿದ ಕೆಲಸಕ್ಕೆ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು. ದುಃಖದಲ್ಲಿರುವ ಕುಟುಂಬಕ್ಕೆ ಇದು ಕಿರಿಕಿರಿ ಎನಿಸುತ್ತದೆ. ಆದರೆ ಈ ನೋಟಿಸ್ ಇಲ್ಲದೆ ದಾವೆ ಬಿದ್ದುಹೋದರೆ ಆಗುವ ಕಿರಿಕಿರಿ ಅದಕ್ಕಿಂತ ದೊಡ್ಡದು.

ನ್ಯಾಯಾಲಯದ ನೆರಳು ಎಲ್ಲಿಯವರೆಗೆ

ರಿಸೀವರ್ ಪರ ವಕೀಲರು ಎತ್ತಿದ ಮುಖ್ಯ ತಕರಾರು ರಕ್ಷಣೆಯದ್ದು. ರಿಸೀವರ್ ಹೇಳಿದ್ದು ಇಷ್ಟು: ನಾನು ನ್ಯಾಯಾಲಯದ ಕೈ. ಅಂತ್ಯಕ್ರಿಯೆ ನಿಲ್ಲಿಸಬೇಡ ಎಂದು ಆದೇಶ ಹೇಳಿತ್ತು, ನಾನು ನಿಲ್ಲಿಸಲಿಲ್ಲ. ನ್ಯಾಯಾಧೀಶರಿಗಿರುವ ರಕ್ಷಣೆ ನನಗೂ ಸಲ್ಲಬೇಕು. ಈ ವಾದವನ್ನು ಹಗುರವಾಗಿ ತೆಗೆದುಹಾಕುವುದು ಸರಿಯಲ್ಲ. ಆದೇಶವನ್ನು ಅಕ್ಷರಶಃ ಪಾಲಿಸಿದ ಅಧಿಕಾರಿಯ ಮೇಲೆ ಪ್ರತಿ ಹೆಜ್ಜೆಗೂ ದಾವೆ ಬರುವುದಾದರೆ ಯಾವ ಅನುಭವಿಯೂ ಇಂಥ ಕೆಲಸಕ್ಕೆ ಒಪ್ಪುವುದಿಲ್ಲ. ಹೊಸ ಜಾಗ ಮಾರಲು ರಿಸೀವರ್ ನಿರಾಕರಿಸಿದ್ದಕ್ಕೆ ಯಾರಾದರೂ ನಷ್ಟ ಕೇಳಿದ್ದರೆ, ಅಥವಾ ಗೋಡೆ ಮೊದಲೋ ಗೇಟು ಮೊದಲೋ ಎಂಬ ಅವನ ತೀರ್ಮಾನವನ್ನು ಪ್ರಶ್ನಿಸಿದ್ದರೆ, ಈ ರಕ್ಷಣೆ ಅವನನ್ನು ಉಳಿಸಬೇಕಿತ್ತು.

ಆದರೆ ರಕ್ಷಣೆ ಹುದ್ದೆಗೆ ಅಂಟಿಕೊಂಡಿದ್ದಲ್ಲ, ಮಾಡಿದ ಕೆಲಸದ ಸ್ವರೂಪಕ್ಕೆ ಅಂಟಿಕೊಂಡದ್ದು. ಅಮೆರಿಕದ ಸುಪ್ರೀಂ ಕೋರ್ಟ್ 1988ರ ಫಾರೆಸ್ಟರ್ ವಿರುದ್ಧ ವೈಟ್ ತೀರ್ಪಿನಲ್ಲಿ, ನ್ಯಾಯಾಧೀಶರೇ ತಮ್ಮ ಅಧೀನ ಅಧಿಕಾರಿಯೊಬ್ಬರನ್ನು ಕೆಲಸದಿಂದ ತೆಗೆದಾಗ ಅದು ಆಡಳಿತದ ಕೆಲಸ, ಅದಕ್ಕೆ ನ್ಯಾಯಿಕ ರಕ್ಷಣೆ ಇಲ್ಲ ಎಂದಿತು. 1993ರ ಆಂಟ್ವಾನ್ ವಿರುದ್ಧ ಬೈಯರ್ಸ್ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಅದರಲ್ಲಿ ನ್ಯಾಯಾಲಯದ ವರದಿಗಾರ್ತಿ ವಿಚಾರಣೆಯ ನಡಾವಳಿಯ ಪ್ರತಿಯನ್ನು ಸರಿಯಾಗಿ ಒದಗಿಸಲಿಲ್ಲ. ನಡೆದದ್ದನ್ನು ನಡೆದಂತೆ ದಾಖಲಿಸುವ ಕೆಲಸದಲ್ಲಿ ವಿವೇಚನೆಗೆ ಎಡೆಯಿಲ್ಲ, ಆದ್ದರಿಂದ ಪೂರ್ಣ ರಕ್ಷಣೆಯೂ ಇಲ್ಲ ಎಂದು ತೀರ್ಪಾಯಿತು. ಸ್ಮಶಾನದ ರಿಜಿಸ್ಟರ್ ಇಂಥದ್ದೇ ದಾಖಲೆ. ಯಾರು ಎಲ್ಲಿದ್ದಾರೆ ಎಂಬುದು ತೀರ್ಮಾನಿಸುವ ಸಂಗತಿಯಲ್ಲ, ತಿಳಿದುಕೊಳ್ಳುವ ಸಂಗತಿ. ಭಾರತದ 1850ರ ನ್ಯಾಯಿಕ ಅಧಿಕಾರಿಗಳ ರಕ್ಷಣಾ ಕಾಯ್ದೆಯೂ ನ್ಯಾಯಿಕ ಕೆಲಸವನ್ನು, ಮತ್ತು ನ್ಯಾಯಾಲಯದ ವಾರಂಟು ಆದೇಶಗಳನ್ನು ಜಾರಿಮಾಡುವವರನ್ನು ಕಾಯುತ್ತದೆ. ಅಂತ್ಯಕ್ರಿಯೆ ನಡೆಸು ಎಂಬುದು ಆದೇಶದಲ್ಲಿತ್ತು. ಪೂರ್ವದ ಜಾಗವನ್ನು ಅಗೆ ಎಂಬುದು ಇರಲಿಲ್ಲ.

ನಿರ್ಲಕ್ಷ್ಯ ಎಲ್ಲಿತ್ತು

ನಕ್ಷೆ ತಪ್ಪಾಗಿದ್ದುದು ರಿಸೀವರ್ ತಪ್ಪಲ್ಲ. ಹನ್ನೊಂದು ವರ್ಷದ ಹಿಂದೆ ಯಾರೋ ಗೆರೆಯನ್ನು ಪಕ್ಕದ ಚೌಕದಲ್ಲಿ ಹಾಕಿದರು. ಅದರ ಹೊಣೆ ಹಳೆಯ ಸಂಸ್ಥೆಯದ್ದು. ಪ್ರತಿವಾದದಲ್ಲಿ ಇದನ್ನು ಪದೇ ಪದೇ ಹೇಳಲಾಯಿತು, ಮತ್ತು ಗುಮಾಸ್ತ ತಾಳೆ ನೋಡುವ ಮುಂಚೆಯೇ ಈ ಘಟನೆ ನಡೆದಿದ್ದರೆ ಆ ಮಾತು ಗೆಲ್ಲುತ್ತಿತ್ತೆಂದು ನಾನು ನಂಬುತ್ತೇನೆ. ಹೊಸದಾಗಿ ಬಂದವನು ಕೈಗೆ ಬಂದ ದಾಖಲೆಯನ್ನು ಸ್ವಲ್ಪ ಕಾಲ ನಂಬಲೇಬೇಕು.

ಆದರೆ ಗುಮಾಸ್ತ ಒಂಬತ್ತು ತಪ್ಪುಗಳನ್ನು ಕಂಡುಹಿಡಿದ ದಿನ ಪರಿಸ್ಥಿತಿ ಬದಲಾಯಿತು. ಆ ದಿನದಿಂದ ನಕ್ಷೆ ನಂಬಲರ್ಹವಲ್ಲ ಎಂಬುದು ರಿಸೀವರ್‌ಗೆ ಗೊತ್ತು. ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹನ್ನೆರಡನೆಯ ಪುಟದ ವಾಕ್ಯವನ್ನು ಅವನೇ ಸಹಿ ಮಾಡಿ ನ್ಯಾಯಾಲಯಕ್ಕೆ ಕೊಟ್ಟಿದ್ದಾನೆ. ತನ್ನನ್ನು ಕಾಪಾಡಲೆಂದು ಬರೆದಿಟ್ಟ ವಾಕ್ಯವೇ ಅವನ ವಿರುದ್ಧದ ಅತಿ ಬಲವಾದ ದಾಖಲೆಯಾಯಿತು. ಇಂಥ ವರದಿಗಳನ್ನು ಓದುವಾಗ ನನಗೆ ಸದಾ ಕಾಣುವ ಒಂದು ದೋಷವಿದು: ಅಪಾಯವನ್ನು ನ್ಯಾಯಾಲಯದ ಗಮನಕ್ಕೆ ತಂದರೆ ಅಪಾಯ ನ್ಯಾಯಾಲಯಕ್ಕೆ ವರ್ಗವಾಯಿತು ಎಂಬ ನಂಬಿಕೆ. ಗಮನಕ್ಕೆ ತರುವುದು ಬೇರೆ, ನಿರ್ದೇಶನ ಕೇಳುವುದು ಬೇರೆ. ವರದಿಯನ್ನು ಕಡತಕ್ಕೆ ಸೇರಿಸಿದ ನ್ಯಾಯಾಲಯ ಅದರ ಪ್ರತಿ ವಾಕ್ಯಕ್ಕೂ ಒಪ್ಪಿಗೆ ಕೊಟ್ಟಂತಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಇಡೀ ಸ್ಮಶಾನಕ್ಕೆ ರೇಡಾರ್ ಪರೀಕ್ಷೆ ಮಾಡಿಸಬೇಕಿತ್ತು ಎಂದು ವಾದಿ ಪಟ್ಟು ಹಿಡಿದದ್ದು ಅತಿಯಾಯಿತು. ರೇಡಾರ್ ಹೆಸರು ಹೇಳುವುದಿಲ್ಲ. ಮಣ್ಣು ಕದಡಿದೆಯೇ, ಒಳಗೆ ಟೊಳ್ಳಿದೆಯೇ ಎಂಬುದನ್ನಷ್ಟೇ ತೋರಿಸುತ್ತದೆ, ಜೇಡಿಮಣ್ಣಿನಲ್ಲಿ ಅದೂ ಅಸ್ಪಷ್ಟ. ಅದಕ್ಕಿಂತ ಅಗ್ಗದ ದಾರಿಗಳಿದ್ದವು. ಗುಣಿ ತೋಡುವ ಮುನ್ನ ಮೂರೂ ದಾಖಲೆಗಳನ್ನು ಒಟ್ಟಿಗೆ ನೋಡುವ ಒಂದು ಚೀಟಿ. ಅವು ತಾಳೆಯಾಗದಿದ್ದರೆ ಕಬ್ಬಿಣದ ಶೋಧಕ ಸಲಾಕೆಯನ್ನು ನೆಲಕ್ಕೆ ಇಳಿಸಿ ಮಣ್ಣಿನ ಬಿಗಿ ನೋಡುವುದು, ಇದು ಅನುಭವಿ ಗುಣಿ ತೋಡುವವರೆಲ್ಲರಿಗೂ ಗೊತ್ತಿರುವ ಕೆಲಸ. ಕುಟುಂಬದವರನ್ನೇ ಕರೆದು ಕೇಳುವುದು. ಅನಿರೀಕ್ಷಿತವಾಗಿ ಅವಶೇಷ ಸಿಕ್ಕರೆ ಅಗೆತ ನಿಲ್ಲಿಸಬೇಕೆಂಬ ಲಿಖಿತ ಸೂಚನೆ. ಅಂಥ ಹೊತ್ತಿನಲ್ಲಿ ಎತ್ತಲೇಬೇಕಾದ ಒಂದು ಫೋನ್. ರಿಜಿಸ್ಟರಿನ ಅಂಚಿನ ‘ಪೂರ್ವ’ ಎಂಬ ಒಂದು ಪದವನ್ನು ಯಾರಾದರೂ ನೋಡಿದ್ದರೆ ಸಾಕಿತ್ತು. ರಿಜಿಸ್ಟರ್ ಕಚೇರಿಯ ಬೀರುವಿನಲ್ಲಿತ್ತು, ಮೇಸ್ತ್ರಿಯ ಬಳಿ ನಕ್ಷೆ ಮಾತ್ರ ಇತ್ತು. ಕೆಲಸಗಾರನಿಗೆ ಅರ್ಧ ದಾಖಲೆ ಕೊಟ್ಟು ಪೂರ್ತಿ ಕೆಲಸ ಮಾಡಿಸಿದ ವ್ಯವಸ್ಥೆಯಲ್ಲಿ ನಿರ್ಲಕ್ಷ್ಯವಿದೆ. ಮೇಸ್ತ್ರಿಯೂ ಮೂಳೆ ಕಂಡ ಮೇಲೆ ಮುಂದುವರಿದು ತಪ್ಪು ಮಾಡಿದ, ಆದರೆ ಅದು ಈ ವ್ಯವಸ್ಥೆಯೊಳಗಿನ ತಪ್ಪು.

ದಾಖಲೆ ಕೆಟ್ಟ ಸ್ಮಶಾನದಲ್ಲಿ ಏನಾಗಬಹುದು ಎಂಬುದಕ್ಕೆ ಜಗತ್ತಿಗೆ ಉದಾಹರಣೆ ಇಲ್ಲದೆ ಇರಲಿಲ್ಲ. ಶಿಕಾಗೋ ಹೊರವಲಯದ ಆಲ್ಸಿಪ್‌ನ ಬರ್ ಓಕ್ ಸ್ಮಶಾನದಲ್ಲಿ, 1955ರಲ್ಲಿ ಕೊಲೆಯಾದ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು ಹೂಳಿದ ಅದೇ ಜಾಗದಲ್ಲಿ, ಹಳೆಯ ಗುಣಿಗಳನ್ನು ಅಗೆದು ಜಾಗ ಮತ್ತೆ ಮಾರಿದ್ದು 2009ರಲ್ಲಿ ಹೊರಬಿತ್ತು. ಸುಮಾರು 300 ಸಮಾಧಿಗಳೆಂದು ಆಗ ಅಂದಾಜಿಸಲಾಯಿತು. ಅಲ್ಲಿಯೂ ನ್ಯಾಯಾಲಯ ರಿಸೀವರ್ ನೇಮಿಸಿತು, ಮತ್ತು ಸ್ಮಶಾನಗಳನ್ನು ನಡೆಸಿ ಅನುಭವವಿದ್ದವರನ್ನೇ ಆರಿಸಿತು. ನಮ್ಮ ಪ್ರಕರಣದಲ್ಲಿ ಲೆಕ್ಕಪರಿಶೋಧಕರನ್ನು ನೇಮಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಜಗಳ ಹಣದ್ದಾಗಿತ್ತು. ಆದರೆ ತನಗೆ ಗೊತ್ತಿಲ್ಲದ ಕಸುಬನ್ನು ನಡೆಸಲು ಒಪ್ಪಿಕೊಂಡವನು ಗೊತ್ತಿರುವವನನ್ನು ಜೊತೆಗಿಟ್ಟುಕೊಳ್ಳಬೇಕು.

ಯಾವ ಹಾನಿಗೆ ಪರಿಹಾರ

ಶವ ಯಾರ ಆಸ್ತಿಯೂ ಅಲ್ಲ ಎಂಬುದು ಇಂಗ್ಲೆಂಡಿನ ಹಳೆಯ ನಿಯಮ. 1882ರ ವಿಲಿಯಮ್ಸ್ ವಿರುದ್ಧ ವಿಲಿಯಮ್ಸ್ ತೀರ್ಪು ಅದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಿರುವಾಗ ಮೂಳೆ ಕದಲಿದ್ದಕ್ಕೆ ಮಗ ಯಾವ ಹಕ್ಕಿನ ಮೇಲೆ ನಷ್ಟ ಕೇಳುತ್ತಾನೆ? ಅಮೆರಿಕದ ನ್ಯಾಯಾಲಯಗಳು ಈ ಗೋಡೆಯನ್ನು ಬೇಗ ದಾಟಿದವು. 1891ರಲ್ಲಿ ಮಿನೆಸೋಟಾ ಸುಪ್ರೀಂ ಕೋರ್ಟ್ ಲಾರ್ಸನ್ ವಿರುದ್ಧ ಚೇಸ್ ಪ್ರಕರಣದಲ್ಲಿ, ಅಂತ್ಯಕ್ರಿಯೆಗಾಗಿ ಶವವನ್ನು ಇದ್ದ ಹಾಗೆಯೇ ಪಡೆಯುವ ಹಕ್ಕು ಹತ್ತಿರದ ಬಂಧುವಿಗಿದೆ, ಅದಕ್ಕೆ ಭಂಗವಾದರೆ ಮಾನಸಿಕ ನೋವಿಗೂ ಪರಿಹಾರವಿದೆ ಎಂದಿತು. ಒಬ್ಬರು ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಟಾರ್ಟ್ ಕಾನೂನಿನ ಸಾರವನ್ನು ಅಲ್ಲಿನ ಕಾನೂನು ಪಂಡಿತರು ಕಲಂಗಳಾಗಿ ಜೋಡಿಸಿದ ಎರಡನೆಯ ರೀಸ್ಟೇಟ್‌ಮೆಂಟ್ ಎಂಬ ಗ್ರಂಥದ 868ನೇ ಕಲಂ ಶವದ ವಿಷಯದಲ್ಲಿ ಬರಿಯ ನಿರ್ಲಕ್ಷ್ಯವೂ ಹೊಣೆಗೆ ಸಾಕು ಎನ್ನುತ್ತದೆ.

ಇಂಗ್ಲೆಂಡಿನಲ್ಲಿ ದಾರಿ ಇಕ್ಕಟ್ಟು. 1939ರ ಓವೆನ್ಸ್ ವಿರುದ್ಧ ಲಿವರ್‌ಪೂಲ್ ಕಾರ್ಪೊರೇಷನ್ ಪ್ರಕರಣದಲ್ಲಿ ಟ್ರಾಮ್ ಡಿಕ್ಕಿ ಹೊಡೆದು ಶವವಾಹನದೊಳಗಿನ ಪೆಟ್ಟಿಗೆ ಉರುಳಿದ್ದನ್ನು ಕಂಡ ಬಂಧುಗಳಿಗೆ ಆಘಾತದ ಪರಿಹಾರ ಸಿಕ್ಕಿತು ನಿಜ, ಆದರೆ ಆ ತೀರ್ಪಿನ ಬಗ್ಗೆ ಆಮೇಲೆ ಸಂಶಯಗಳು ವ್ಯಕ್ತವಾಗಿವೆ. ವೈದ್ಯರು ಗುರುತಿಸಬಹುದಾದ ಮಾನಸಿಕ ಕಾಯಿಲೆಯಿಲ್ಲದೆ ಬರಿಯ ದುಃಖಕ್ಕೆ ನಿರ್ಲಕ್ಷ್ಯದ ದಾವೆಯಲ್ಲಿ ಅಲ್ಲಿ ಪರಿಹಾರವಿಲ್ಲ. ಅದಕ್ಕಿಂತ ಒಪ್ಪಂದದ ದಾರಿ ಸಲೀಸು: ನೆಮ್ಮದಿಯನ್ನು ಒದಗಿಸುವುದೇ ಒಪ್ಪಂದದ ಉದ್ದೇಶವಾಗಿದ್ದರೆ ಅದು ಮುರಿದಾಗ ಮನಸ್ಸಿನ ನೋವಿಗೂ ಬೆಲೆ ಕಟ್ಟಬಹುದೆಂದು 2001ರ ಫಾರ್ಲಿ ವಿರುದ್ಧ ಸ್ಕಿನ್ನರ್ ತೀರ್ಪಿನಿಂದ ಗಟ್ಟಿಯಾಗಿದೆ. ಸಮಾಧಿ ಜಾಗದ ಮಾರಾಟಕ್ಕಿಂತ ನೆಮ್ಮದಿಯ ಒಪ್ಪಂದ ಇನ್ನಾವುದಿದೆ?

ಭಾರತದಲ್ಲಿ ಸ್ಮಶಾನಕ್ಕೆ ಅತಿಕ್ರಮ ಪ್ರವೇಶ ಮಾಡಿ ಶವಕ್ಕೆ ಅಪಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂನ ಅಪರಾಧ, ಹಿಂದಿನ ದಂಡ ಸಂಹಿತೆಯ 297. ಮಗ ಮೊದಲು ಪೊಲೀಸ್ ದೂರು ಕೊಡಲು ಹೊರಟಿದ್ದ. ವಕೀಲರು ತಡೆದದ್ದು ಸರಿ. ಆ ಕಲಂಗೆ ಭಾವನೆಗೆ ಘಾಸಿ ಮಾಡುವ ಉದ್ದೇಶ ಅಥವಾ ಘಾಸಿಯಾಗುತ್ತದೆಂಬ ತಿಳಿವಳಿಕೆ ಬೇಕು, ಅಜಾಗರೂಕತೆ ಸಾಲದು. ಮೇಸ್ತ್ರಿಯ ವಿರುದ್ಧ ತಿಳಿವಳಿಕೆಯ ವಾದ ಎತ್ತಬಹುದಿತ್ತೇನೋ, ಆದರೆ ದಿನಗೂಲಿಯವನನ್ನು ಕಟಕಟೆಗೆ ಹತ್ತಿಸಿ ಮಗನಿಗೆ ಸಿಗುವುದೇನಿತ್ತು?

ಯಾರ ಜೇಬು

ಪ್ರಕರಣದ ನಿಜವಾದ ಗಂಟು ಇರುವುದು ಇಲ್ಲಿ. ನಿರ್ಲಕ್ಷ್ಯ ಸಾಬೀತಾಯಿತೆಂದುಕೊಳ್ಳೋಣ; ಹಣ ಎಲ್ಲಿಂದ ಬರಬೇಕು? 1891ರ ಮೆಕ್‌ನಲ್ಟಾ ವಿರುದ್ಧ ಲಾಕ್‌ರಿಜ್ ಪ್ರಕರಣದಲ್ಲಿ ಹಿಂದಿನ ರಿಸೀವರ್ ಕಾಲದಲ್ಲಿ ರೈಲು ದಾಟುವೆಯಲ್ಲಿ ಇಬ್ಬರು ಸತ್ತಿದ್ದರು, ದಾವೆ ಬಂದದ್ದು ಆಮೇಲೆ ಬಂದ ರಿಸೀವರ್ ಮೇಲೆ. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಏಕೆಂದರೆ ಇಂಥ ದಾವೆ ವ್ಯಕ್ತಿಯ ಮೇಲಲ್ಲ, ಅವನ ಕೈಯಲ್ಲಿರುವ ನಿಧಿಯ ಮೇಲೆ. ಹುದ್ದೆಯಲ್ಲಿ ಕೂತವರು ಬದಲಾದರೂ ಹುದ್ದೆ ಉಳಿಯುತ್ತದೆ. ಇಂಗ್ಲೆಂಡಿನ ದೃಷ್ಟಿ ಇದಕ್ಕೆ ತಿರುಗುಮುರುಗು. ಒಪ್ಪಂದಗಳ ಮಟ್ಟಿಗೆ 1895ರ ಬರ್ಟ್, ಬೌಲ್ಟನ್ ಮತ್ತು ಹೇವರ್ಡ್ ವಿರುದ್ಧ ಬುಲ್ ತೀರ್ಪಿನ ಪ್ರಕಾರ ನ್ಯಾಯಾಲಯದ ರಿಸೀವರ್ ಯಾರ ಏಜೆಂಟನೂ ಅಲ್ಲದ ಕಾರಣ ತಾನೇ ಹೊಣೆಗಾರ. ಕೊಟ್ಟದ್ದನ್ನು ಆಸ್ತಿಯಿಂದ ವಾಪಸು ಪಡೆಯುವ ಹಕ್ಕು ಅವನಿಗಿದೆ, ಆದರೆ ಅವನ ನಡವಳಿಕೆ ಸರಿಯಿದ್ದರೆ ಮಾತ್ರ.

ಭಾರತದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 40, ನಿಯಮ 3ರಂತೆ, ಉದ್ದೇಶಪೂರ್ವಕ ಲೋಪ ಅಥವಾ ಘೋರ ನಿರ್ಲಕ್ಷ್ಯದಿಂದ ಆಸ್ತಿಗೆ ನಷ್ಟವಾದರೆ ರಿಸೀವರ್ ಹೊಣೆ. ನಿಯಮ 4ರಂತೆ ಅವನ ಸ್ವಂತ ಆಸ್ತಿಯನ್ನು ಜಪ್ತಿ ಮಾಡಿ ಮಾರಿ ನಷ್ಟ ತುಂಬಿಸಬಹುದು. ಪ್ರತಿವಾದಿ ವಕೀಲರು ಇದನ್ನು ಹಿಡಿದು, ಘೋರವಲ್ಲದ ನಿರ್ಲಕ್ಷ್ಯಕ್ಕೆ ರಿಸೀವರ್ ಯಾರಿಗೂ ಹೊಣೆಯಲ್ಲ ಎಂದು ವಾದಿಸಿದರು. ನನ್ನ ಓದಿನಲ್ಲಿ ಇದು ತಪ್ಪು. ನಿಯಮ ಮಾತನಾಡುತ್ತಿರುವುದು ಆಸ್ತಿಗಾದ ನಷ್ಟದ ಬಗ್ಗೆ, ಅಂದರೆ ದಾವೆಯ ಪಕ್ಷಗಾರರಿಗೂ ರಿಸೀವರ್‌ಗೂ ನಡುವಿನ ಲೆಕ್ಕದ ಬಗ್ಗೆ. ಮಗ ಆ ದಾವೆಗೆ ಹೊರಗಿನವನು; ಅವನು ಕಳೆದುಕೊಂಡದ್ದು ಸಂಸ್ಥೆಯ ಆಸ್ತಿಯಲ್ಲ. ಅವನ ಮಟ್ಟಿಗೆ ಸಾಧಾರಣ ಎಚ್ಚರಿಕೆಯ ಅಳತೆಗೋಲೇ ಸಾಕು.

ಇನ್ನು ನಿಧಿ. ರೈಲ್ವೆಯ ರಿಸೀವರ್ ಅಪಘಾತದ ಪರಿಹಾರವನ್ನು ಟಿಕೆಟ್ ಹಣದಿಂದ ಕೊಡಬಹುದು, ಅದು ವ್ಯವಹಾರದ ಖರ್ಚು. ಸ್ಮಶಾನದಲ್ಲಿ ಹೊಸ ಮಾರಾಟ ನಿಂತಿದೆ, ವರಮಾನವಿಲ್ಲ. ಉಳಿದಿರುವ ದೊಡ್ಡ ಮೊತ್ತವೆಂದರೆ ಶಾಶ್ವತ ನಿರ್ವಹಣೆಯ ನಿಧಿ, ಅದೂ ಅರ್ಧ ಖಾಲಿ. ಅದು ಸತ್ತವರ ಬಂಧುಗಳೆಲ್ಲರೂ ಸೇರಿ ಒಂದೇ ಉದ್ದೇಶಕ್ಕೆ ಕಟ್ಟಿದ ಟ್ರಸ್ಟ್ ಹಣ. ಇಂಥ ನಿಧಿಯ ಬಡ್ಡಿಯನ್ನು ಮಾತ್ರ ಬಳಸಬೇಕು, ಮೂಲಧನ ಮುಟ್ಟಬಾರದೆಂಬುದು ಸಾಮಾನ್ಯ ನಿಯಮ. ಒಂದು ಕುಟುಂಬದ ನೋವಿಗೆ ಇನ್ನುಳಿದ ಎಲ್ಲ ಕುಟುಂಬಗಳ ಸಮಾಧಿಯ ಹುಲ್ಲು ಕತ್ತರಿಸುವ ಹಣ ಕೊಡಿಸುವುದು ನ್ಯಾಯವೇ ಎಂದು ಆಡಳಿತ ಮಂಡಳಿಯ ಒಂದು ಬಣ ಕೇಳಿದ ಪ್ರಶ್ನೆ, ಸ್ವಾರ್ಥದಿಂದ ಬಂದದ್ದಾದರೂ, ಸರಿಯಾದ ಪ್ರಶ್ನೆ. ನಿಧಿಯನ್ನು ಮುಟ್ಟುವಂತಿಲ್ಲ ಎಂದಾದ ಕೂಡಲೇ ತೂಕ ರಿಸೀವರ್‌ನ ಸ್ವಂತ ಹೊಣೆಯ ಕಡೆಗೆ ವಾಲುತ್ತದೆ.

ಸ್ವಂತ ಹೊಣೆಯ ಬಗ್ಗೆ ನನಗೆ ಹೆಚ್ಚು ಬೆಳಕು ಕೊಡುವುದು 1951ರ ಮಾಸರ್ ವಿರುದ್ಧ ಡಾರೋ ತೀರ್ಪು. ಅಲ್ಲಿದ್ದವನು ದಿವಾಳಿಯಾದ ಸಂಸ್ಥೆಯ ಪುನಾರಚನೆಗೆ ನೇಮಕಗೊಂಡ ಟ್ರಸ್ಟಿ. ತನ್ನ ನೌಕರರು ಅದರ ಅಧೀನ ಕಂಪನಿಗಳ ಸಾಲಪತ್ರಗಳಲ್ಲಿ ವ್ಯಾಪಾರ ಮಾಡಲು ಬಿಟ್ಟ, ತಾನು ಒಂದು ಕಾಸೂ ಗಳಿಸಲಿಲ್ಲ. ಆದರೂ ಅವನೇ ತುಂಬಿಕೊಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಇದು ಕಠಿಣವಾಯಿತೆಂಬ ಆಕ್ಷೇಪಕ್ಕೆ ನ್ಯಾಯಮೂರ್ತಿ ಜಾಕ್ಸನ್ ಕೊಟ್ಟ ಉತ್ತರದ ಸಾರ ಹೀಗಿದೆ: ಸಂದೇಹ ಬಂದಾಗ ಸಂಬಂಧಪಟ್ಟವರಿಗೆ ತಿಳಿಸಿ ನ್ಯಾಯಾಲಯದ ನಿರ್ದೇಶನ ಪಡೆಯುವ ದಾರಿ ಅವನಿಗೆ ತೆರೆದೇ ಇತ್ತು. ನಮ್ಮ ರಿಸೀವರ್‌ಗೂ ಆ ದಾರಿ ತೆರೆದಿತ್ತು. ನಕ್ಷೆ ನಂಬುವಂತಿಲ್ಲ, ಪರೀಕ್ಷೆಗೆ ಇಷ್ಟು ಖರ್ಚು, ಅದಕ್ಕೆ ಅನುಮತಿ ಕೊಡಿ, ಇಲ್ಲವೇ ಸಂಶಯದ ಸಾಲುಗಳಲ್ಲಿ ಅಂತ್ಯಕ್ರಿಯೆ ತಡೆಹಿಡಿಯಲು ಆದೇಶಿಸಿ ಎಂಬ ಒಂದು ಪುಟದ ಮಧ್ಯಂತರ ಅರ್ಜಿ. ನ್ಯಾಯಾಲಯ ಅದನ್ನು ತಿರಸ್ಕರಿಸಿದ್ದರೂ ರಿಸೀವರ್ ಉಳಿಯುತ್ತಿದ್ದ. ಆದ್ದರಿಂದ ಮೇಸ್ತ್ರಿಯ ತಪ್ಪಿಗೆ ರಿಸೀವರ್ ಹುದ್ದೆಯ ನೆಲೆಯಲ್ಲಿ ಮಾತ್ರ ಹೊಣೆ, ಆದರೆ ಗೊತ್ತಿದ್ದೂ ನಿರ್ದೇಶನ ಕೇಳದೆ ತಿಂಗಳುಗಟ್ಟಲೆ ಗುಣಿಗಳನ್ನು ತೋಡಿಸಿದ್ದಕ್ಕೆ ಸ್ವಂತ ನೆಲೆಯಲ್ಲಿ ಹೊಣೆ ಎಂಬುದು ನನ್ನ ತೀರ್ಮಾನ.

ಬಿದ್ದ ಕಲ್ಲು

ಪಾದ ಮುರಿದ ಮಹಿಳೆಯ ಪ್ರಕರಣದಲ್ಲಿ ಹೆಚ್ಚು ಹೇಳುವುದಿಲ್ಲ. ಕಲ್ಲು ಕುಟುಂಬದ್ದಾದರೂ ಅದು ನಿಂತ ನೆಲ ರಿಸೀವರ್ ಹಿಡಿತದಲ್ಲಿತ್ತು. ಇಂಗ್ಲೆಂಡಿನ 1957ರ ಆವರಣದಾರರ ಹೊಣೆಯ ಕಾಯ್ದೆಯಡಿ ಹಿಡಿತವಿದ್ದವನ ಮೇಲೆ ಬಂದುಹೋಗುವವರ ಸುರಕ್ಷತೆಯ ಕರ್ತವ್ಯವಿದೆ. ಭಾರತದಲ್ಲಿ ಎರಡು ತೀರ್ಪುಗಳು ಎರಡು ಕಡೆ ಎಳೆಯುತ್ತವೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ನಗರಸಭೆಯನ್ನು ಹೊಣೆ ಮಾಡಿತು, ಕಟ್ಟಡ ಬಿದ್ದದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದಿತು. 1997ರ ರಾಜಕೋಟ್ ಪ್ರಕರಣದಲ್ಲಿ ದಾರಿಬದಿಯ ಮರ ಬಿದ್ದು ದಾರಿಹೋಕ ಸತ್ತಾಗ ನಗರಸಭೆಯನ್ನು ಹೊಣೆಯಿಂದ ಬಿಟ್ಟಿತು. ಸಮಾಧಿ ಕಲ್ಲು ಮರದಂತೆ ತಾನಾಗಿ ಬೆಳೆದದ್ದಲ್ಲ, ಗೋಪುರದಂತೆ ನಿಲ್ಲಿಸಿದ್ದು. ಈ ಕಲ್ಲು ವಾಲಿದ್ದು ಎಲ್ಲರಿಗೂ ಕಾಣುತ್ತಿತ್ತು. ರಿಸೀವರ್ ಸಂಸ್ಥೆಯ ಹಳೆಯ ವಿಮೆಯನ್ನು ತಪ್ಪದೆ ನವೀಕರಿಸಿದ್ದರಿಂದ ವಿಮಾ ಕಂಪನಿ ಈ ಕ್ಲೇಮನ್ನು ಬೇಗ ತೀರಿಸಿತು. ಅದೇ ಪಾಲಿಸಿ ದೇಹಕ್ಕೆ ಗಾಯವಿಲ್ಲದ ಮಾನಸಿಕ ನೋವನ್ನು ಹೊರಗಿಟ್ಟಿತ್ತು, ಹೀಗಾಗಿ ಮಗನ ದಾವೆಗೆ ಅದು ಒದಗಲಿಲ್ಲ.

ಬಿಡುಗಡೆಯ ಅರ್ಜಿ

ಮಗನ ದಾವೆ ಇನ್ನೂ ಸಾಕ್ಷ್ಯದ ಹಂತದಲ್ಲಿರುವಾಗ ಎರಡು ಬಣಗಳು ರಾಜಿಯಾದವು, ರಿಸೀವರ್ ಅಂತಿಮ ಲೆಕ್ಕ ಒಪ್ಪಿಸಿ ಬಿಡುಗಡೆ ಕೋರಿದ. ವಾದಿಯ ವಕೀಲರು ಎಚ್ಚರವಾಗಿದ್ದುದು ಇಲ್ಲಿ. ಬಿಡುಗಡೆಯಾದ ಮೇಲೆ ಹುದ್ದೆಯಿಲ್ಲ, ಹುದ್ದೆಯ ಕೈಯಲ್ಲಿ ಹಣವಿಲ್ಲ. ಹುದ್ದೆಯ ನೆಲೆಯ ದಾವೆಗೆ ಪ್ರತಿವಾದಿಯೇ ಉಳಿಯುವುದಿಲ್ಲ. ಅವರು ನೇಮಿಸಿದ ನ್ಯಾಯಾಲಯದಲ್ಲೇ ಆಕ್ಷೇಪಣೆ ಸಲ್ಲಿಸಿ ಮೂರು ಕೋರಿಕೆ ಇಟ್ಟರು: ಸಂಸ್ಥೆಗೆ ಆಸ್ತಿ ಮರಳಿಸುವಾಗ ಈ ದಾವೆಯ ಹೊಣೆಯೂ ಅದರ ಜೊತೆ ಹೋಗಲಿ, ನಿರ್ವಹಣಾ ನಿಧಿಯನ್ನು ಬಿಟ್ಟು ಇತರ ಹಣದಲ್ಲಿ ಒಂದು ಮೊತ್ತವನ್ನು ಠೇವಣಿಯಾಗಿ ತೆಗೆದಿಡಲಿ, ರಿಸೀವರ್ ಕೊಟ್ಟಿರುವ ಜಾಮೀನನ್ನು ದಾವೆ ತೀರುವವರೆಗೆ ಬಿಡುಗಡೆ ಮಾಡದಿರಲಿ.

ಮೊದಲ ಎರಡನ್ನು ನ್ಯಾಯಾಲಯ ಒಪ್ಪಬೇಕು. ಮೂರನೆಯದಕ್ಕೆ ಕಾನೂನಿನ ಬೆಂಬಲ ಕಡಿಮೆ. ಜಾಮೀನು ಇರುವುದು ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸುವ ಭರವಸೆಯಾಗಿ, ಹೊರಗಿನವರ ನಷ್ಟಕ್ಕಲ್ಲ. ರಿಸೀವರ್‌ನ ಸ್ವಂತ ಹೊಣೆಯ ಪ್ರಶ್ನೆಯನ್ನು ತೆರೆದಿಟ್ಟೇ ಬಿಡುಗಡೆ ಮಾಡುತ್ತಿದ್ದೇವೆ ಎಂಬ ಒಂದು ಸಾಲನ್ನು ಆದೇಶದಲ್ಲಿ ಬರೆಸಿಕೊಂಡರೆ ವಾದಿಗೆ ಬೇಕಾದದ್ದು ಸಿಕ್ಕಂತೆ. ಇದಲ್ಲದೆ ಹಣಕ್ಕೆ ಸಂಬಂಧಿಸದ ಇನ್ನೊಂದು ಕೋರಿಕೆ ಮಗನಿಂದ ಬಂತು, ಅದನ್ನು ಯಾರೂ ವಿರೋಧಿಸಲಿಲ್ಲ: ತಾಯಿಯ ಪೆಟ್ಟಿಗೆಯನ್ನು ತನ್ನೆದುರು ಮೇಲೆತ್ತಿ, ಅಡಿಯಲ್ಲಿರುವ ಚೀಲವನ್ನು ತೆಗೆದು, ತಂದೆಯನ್ನು ಪೂರ್ವದ ಜಾಗದಲ್ಲೂ ತಾಯಿಯನ್ನು ಪಶ್ಚಿಮದ ಜಾಗದಲ್ಲೂ ಬೇರೆ ಬೇರೆಯಾಗಿ ಹೂಳಿ, ಮೂರೂ ದಾಖಲೆಗಳಲ್ಲಿ ಅದೇ ದಿನ ಒಂದೇ ಕೈಯಿಂದ ಬರೆಸಬೇಕು. ಹಿತ್ತಾಳೆಯ ಹಿಡಿ ವಾದಿಯ ಒಂದನೆಯ ಗುರುತಾಗಿ ನ್ಯಾಯಾಲಯದ ಕಪಾಟಿನಲ್ಲಿದೆ. ಮರು ಅಂತ್ಯಕ್ರಿಯೆಯ ದಿನ ಅದನ್ನು ವಾಪಸು ಕೊಡಬೇಕೆಂಬ ಅರ್ಜಿಯೂ ಅದರ ಜೊತೆಗೇ ಸಲ್ಲಿಕೆಯಾಗಿದೆ.